ಅಗತ್ಯವನ್ನರಿತ ನೆರವೇ ದಾಸೋಹ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಷಟ್ಪದಿಯ ಲಯವನ್ನು ಕುರಿತೋ ಕೇಶಿರಾಜನ ಸೂತ್ರಗಳನ್ನು ಕುರಿತೋ ನಾಲ್ಕು ಮಾತು ಬರೆದು ಋಣಮುಕ್ತನಾಗೋಣವೆಂದು ಮೊದಲು ಎಣಿಸಿದ್ದೆನು. ಆದರೆ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚಾಗುವ ದತ್ತಿನಿಧಿಗಳ ಪಟ್ಟಿಯ ಕರಡನ್ನು ತಿದ್ದುವ ಕೆಲಸವೂ ನನ್ನ ಪಾಲಿಗೇ ಬಂದಿತು. ಕಾಗುಣಿತವನ್ನು ತಿದ್ದಲು ಕುಳಿತವನಿಗೆ ಅಕ್ಷರದ ತಪ್ಪಲ್ಲದ ಬೇರೊಂದು ತಪ್ಪು ಕಣ್ಣಿಗೆ ಬಿದ್ದಿತು. ಗಣಿತದಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ಪಾರಿತೋಷಕ. ಕನ್ನಡದಲ್ಲಿ ಅತ್ಯಧಿಕ ಅಂಕ ಗಳಿಸಿದವರಿಗೆ ಬೆಳ್ಳಿಯ ಪದಕ. ಒಟ್ಟು ಅಂಕಗಳಲ್ಲಿ ಶಾಲೆಗೆ ಮೊದಲಿಗರಾದವರಿಗೆ ನಗದು ಬಹುಮಾನ. ಹೀಗೆ ಪಟ್ಟಿಯು ಪುಟದಿಂದ ಪುಟಕ್ಕೆ ಸಾಗುತ್ತದೆ. ಪ್ರತಿಯೊಂದು ದತ್ತಿಯ ಹಿಂದೆಯೂ ಒಬ್ಬ ತಾಯಿಯ, ಒಬ್ಬ ತಂದೆಯ, ಅಕಾಲದಲ್ಲಿ ಅಗಲಿದ ಮಗನೊಬ್ಬನ ಪುಣ್ಯಸ್ಮರಣೆಯಿದೆ. ಅವರ ಔದಾರ್ಯಕ್ಕೆ ತಲೆಬಾಗುತ್ತೇನೆ. ಆದರೆ ಅಷ್ಟು ಉದ್ದದ ಪಟ್ಟಿಯಲ್ಲಿ, ‘ಮುಂದೆ ಓದಲು ಹಣವಿಲ್ಲದವರಿಗೆ’ ಎಂಬ ಒಂದು ಸಾಲು ಮಾತ್ರ ನನಗೆ ಕಾಣಸಿಗಲಿಲ್ಲ. ಆದುದರಿಂದ ವ್ಯಾಕರಣವನ್ನು ಬದಿಗಿಟ್ಟು, ಈ ಕೊರತೆಯನ್ನು ಕುರಿತು ನನಗೆ ತೋಚಿದುದನ್ನು ಗುರುಹಿರಿಯರ ಮುಂದೆ ಬಿನ್ನವಿಸಿಕೊಳ್ಳುತ್ತಿದ್ದೇನೆ.

ನಮ್ಮದು ದಾಸೋಹದ ಪರಂಪರೆ. ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ ಎಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸ. ಅವನು ತನ್ನದನ್ನು ಕೊಡುತ್ತಿಲ್ಲ, ಸಮಾಜದಿಂದ ತನಗೆ ಬಂದುದನ್ನು ಸಮಾಜಕ್ಕೆ ಮರಳಿಸುತ್ತಿದ್ದಾನೆ. ಈ ಭಾವವು ಪುಸ್ತಕದಲ್ಲಿ ಮಾತ್ರ ಉಳಿದಿಲ್ಲವೆಂಬುದಕ್ಕೆ ನಮ್ಮ ಮಠಗಳ ಪ್ರಸಾದ ನಿಲಯಗಳೇ ಸಾಕ್ಷಿ. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಾಡಿನ ತುಂಬ ಹರಡಿದರು. ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಆ ಮಠದ ಆಶ್ರಯದಲ್ಲಿ ಜಾತಿಮತಗಳ ಭೇದವಿಲ್ಲದೆ ಸುಮಾರು 10,000 ಮಕ್ಕಳು ಅನ್ನ, ಅಕ್ಷರ, ಆಶ್ರಯಗಳನ್ನು ಉಚಿತವಾಗಿ ಪಡೆಯುತ್ತಿದ್ದರು. ಈ ಸಾಲುಗಳನ್ನು ಬರೆಯುತ್ತಿರುವವನೂ ಮಠದ ಪಂಕ್ತಿಯಲ್ಲಿ ಕುಳಿತು ಉಂಡು ನಾಲ್ಕು ಅಕ್ಷರ ಕಲಿತವನೇ.

ಆ ಪಂಕ್ತಿಯ ಒಂದು ವಿಶೇಷವನ್ನು ಇಲ್ಲಿ ನೆನೆಯಬೇಕು. ಪ್ರಸಾದ ಬಡಿಸುವವನು ಎಲೆಯ ಮುಂದೆ ನಿಂತು, ‘ಕಳೆದ ಪರೀಕ್ಷೆಯಲ್ಲಿ ನಿನಗೆ ಎಷ್ಟು ಅಂಕ?’ ಎಂದು ಎಂದೂ ಕೇಳಲಿಲ್ಲ. ಅವನು ಕೇಳುತ್ತಿದ್ದುದು ‘ಇನ್ನೂ ಬೇಕೆ?’ ಎಂಬ ಒಂದೇ ಮಾತು. ಹೆಚ್ಚು ಹಸಿದವನಿಗೆ ಹೆಚ್ಚು, ಕಡಮೆ ಹಸಿದವನಿಗೆ ಕಡಮೆ. ಅಂಕದಲ್ಲಿ ಮೊದಲಿಗನಾದವನಿಗೆ ನಾಲ್ಕು ರೊಟ್ಟಿ, ಕೊನೆಯವನಿಗೆ ಒಂದು ರೊಟ್ಟಿ ಎಂಬ ನಿಯಮವನ್ನು ಯಾರಾದರೂ ಮಾಡಿದ್ದರೆ ನಾವು ಅದನ್ನು ಅಧರ್ಮವೆನ್ನುತ್ತಿದ್ದೆವು. ಹೀಗಿರುವಾಗ, ಅದೇ ಬಾಲಕನು ಶಾಲೆಯನ್ನು ದಾಟಿ ವಿಶ್ವವಿದ್ಯಾಲಯದ ಬಾಗಿಲಿಗೆ ಬಂದೊಡನೆ ನಾವು ಬಡಿಸುವ ಕೈಯನ್ನು ಹಿಂದೆಗೆದು ಅಂಕಪಟ್ಟಿಯನ್ನು ಕೇಳತೊಡಗುವುದೇಕೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. 2015ನೆಯ ಇಸವಿಯ ಮಾತು. ಪದವಿಪೂರ್ವ ಪರೀಕ್ಷೆಯವರೆಗೆ ಮಠದ ಪ್ರಸಾದದಲ್ಲಿಯೇ ಬೆಳೆದ ಒಬ್ಬ ವಿದ್ಯಾರ್ಥಿಯು ಬಿ.ಎಸ್ಸಿ. ಓದಲೆಂದು ವಿಶ್ವವಿದ್ಯಾಲಯವಿರುವ ಪಟ್ಟಣಕ್ಕೆ ಹೋಗಿದ್ದನು. ಬಯಲುಸೀಮೆಯ ಮಳೆಯಾಶ್ರಿತ ಎರಡು ಎಕರೆಯ ಮನೆತನ, ತಂದೆಯಿಲ್ಲ, ಹಿಂದೆ ಒಬ್ಬ ತಂಗಿ. ಹತ್ತನೆಯ ತರಗತಿಯಲ್ಲಿದ್ದಾಗ ಕನ್ನಡದಲ್ಲಿ ಮೊದಲಿಗನಾಗಿ ಬೆಳ್ಳಿಯ ಪದಕವನ್ನು ಪಡೆದಿದ್ದನು. ಆ ದಿನ ವೇದಿಕೆಯ ಮೇಲೆ ಅವನ ಹೆಸರನ್ನು ಕೂಗಿದವನು ನಾನೇ. ಆ ವರ್ಷದ ದೀಪಾವಳಿಯ ರಜೆಯಲ್ಲಿ ಅವನು ನನ್ನ ಮನೆಗೆ ಬಂದು, ಬಹಳ ಹೊತ್ತು ಅದೂ ಇದೂ ಮಾತನಾಡಿ, ಕೊನೆಗೆ ಕಿಸೆಯಿಂದ ಆ ಪದಕವನ್ನು ತೆಗೆದು, ‘ಗುರುಗಳೇ, ಇದನ್ನು ಮಾರಿದರೆ ಎಷ್ಟು ಬರಬಹುದು?’ ಎಂದು ಕೇಳಿದನು.

ನಾನು ಪರಿಚಯದ ಅಕ್ಕಸಾಲಿಯೊಬ್ಬನನ್ನು ಕೇಳಿದೆನು. ಹತ್ತು ಗ್ರಾಂ ತೂಕ. 350 ರೂಪಾಯಿ ಎಂದನು. ಆ ಪದಕವನ್ನು ಪ್ರದಾನ ಮಾಡಿದ ಸಮಾರಂಭದಲ್ಲಿ ಅತಿಥಿಗಳಿಗೆ ಹಾಕಿದ ಒಂದೊಂದು ಹಾರಕ್ಕೂ ಅದಕ್ಕಿಂತ ಹೆಚ್ಚು ಬೆಲೆ ಬಿದ್ದಿದ್ದಿತು. ನಾನು ಹುಡುಗನಿಗೆ, ‘ಪದಕವನ್ನು ಮಾರಬಾರದು, ಅದು ವಿದ್ಯೆಯ ಗೌರವ’ ಎಂದು ಉಪದೇಶ ಮಾಡಿ, ನನ್ನ ಕೈಯಿಂದ 500 ರೂಪಾಯಿ ಕೊಟ್ಟು ಕಳುಹಿಸಿದೆನು. ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷವೂ ಆ ರಾತ್ರಿ ನನಗಿದ್ದಿತು. ‘ನಿನಗೆ ಎಷ್ಟು ಬೇಕಪ್ಪಾ?’ ಎಂಬ ಒಂದು ಮಾತನ್ನು ಮಾತ್ರ ನಾನು ಕೇಳಲಿಲ್ಲ.

ಅವನಿಗೆ ಬೇಕಾಗಿದ್ದುದು ಸುಮಾರು 8,000 ರೂಪಾಯಿ. ಕಾಲೇಜಿನ ಶುಲ್ಕದ ಬಹುಭಾಗ ಮನ್ನಾ ಆಗಿದ್ದಿತು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಿರಲಿಲ್ಲವಾದ್ದರಿಂದ ಬಾಡಿಗೆಯ ಕೋಣೆಯಲ್ಲಿದ್ದು ಖಾನಾವಳಿಯಲ್ಲಿ ಉಣ್ಣುತ್ತಿದ್ದನು. ಮೂರು ತಿಂಗಳ ಊಟದ ಬಾಕಿಯೂ ಕೋಣೆಯ ಬಾಡಿಗೆಯೂ ಸೇರಿ ಅಷ್ಟಾಗಿದ್ದಿತು. ಸರ್ಕಾರದ ನೆರವಿಗೆ ಅರ್ಜಿ ಹಾಕಿದ್ದನು. ಅದು ಮಂಜೂರೂ ಆಯಿತು. ಆದರೆ ಹಣವು ಅವನ ಖಾತೆಗೆ ಜಮೆಯಾದುದು ಮರುವರ್ಷದ ಮಾರ್ಚಿಯಲ್ಲಿ. ಅವನು ಕಾಲೇಜನ್ನು ಬಿಟ್ಟುದು ಡಿಸೆಂಬರಿನಲ್ಲಿ. ಇದೆಲ್ಲವೂ ನನಗೆ ತಿಳಿದುದು ಮೂರು ವರ್ಷಗಳ ಮೇಲೆ, ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ಮೆಣಸಿನಕಾಯಿಯ ಚೀಲಗಳಿಗೆ ಗುರುತು ಹಾಕುತ್ತ ನಿಂತಿದ್ದ ಅವನನ್ನು ಕಂಡಾಗ. ಅವನ ಮಾತಿನಲ್ಲಿ ಆಕ್ಷೇಪಣೆಯ ಸೋಂಕೂ ಇರಲಿಲ್ಲ. ತಂಗಿಯನ್ನು ಓದಿಸುತ್ತಿರುವೆನೆಂದನು. ಪದಕ ಇನ್ನೂ ಮನೆಯಲ್ಲಿದೆಯೆಂದೂ ಹೇಳಿದನು. ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇಂಥ ಪ್ರಸಂಗವು ಒಬ್ಬನದಲ್ಲ. ಈ ಸಂಚಿಕೆಯನ್ನು ಓದುವ ಉಪಾಧ್ಯಾಯ ಬಂಧುಗಳು ಒಂದು ಗಳಿಗೆ ಕಣ್ಣು ಮುಚ್ಚಿ ನೆನೆದರೆ, ‘ಚೆನ್ನಾಗಿ ಓದುತ್ತಿದ್ದ, ಆಮೇಲೆ ಏನಾದನೋ’ ಎನ್ನಬೇಕಾದ ಒಂದೆರಡು ಮುಖಗಳು ಯಾರಿಗಾದರೂ ಹೊಳೆದೇ ಹೊಳೆಯುವುವು.

ಸರ್ಕಾರವು ಏನನ್ನೂ ಮಾಡಿಲ್ಲವೆಂದು ನಾನು ಹೇಳುತ್ತಿಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಸ್ವಾತಂತ್ರ್ಯಕ್ಕೂ ಮೊದಲೇ, 1944ರಲ್ಲಿಯೇ ಆರಂಭವಾಯಿತು. ನಮ್ಮ ರಾಜ್ಯದಲ್ಲಿ 2013-14ರಲ್ಲಿ ಆರಂಭವಾದ ‘ವಿದ್ಯಾಸಿರಿ’ಯು ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ ವಸತಿಗಳಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವನ್ನು ಗೊತ್ತುಮಾಡಿತು. 2021ರಲ್ಲಿ ಬಂದ ರೈತ ವಿದ್ಯಾನಿಧಿಯು ರೈತರ ಮಕ್ಕಳಿಗೆ ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥ ಪದವಿಗಳಲ್ಲಿ ವರ್ಷಕ್ಕೆ ಗಂಡುಮಕ್ಕಳಿಗೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿಗಳನ್ನು ನಿಗದಿಪಡಿಸಿತು. 2023ರ ಜೂನ್ ತಿಂಗಳಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತುದರಿಂದ, ಊರಿನಿಂದ ದಿನವೂ ಹೋಗಿಬಂದು ಓದುವ ಎಷ್ಟೋ ವಿದ್ಯಾರ್ಥಿನಿಯರಿಗೆ ಉಪಕಾರವಾಗಿದೆ. ಇವೆಲ್ಲವೂ ಸ್ತುತ್ಯರ್ಹವಾದ ಕಾರ್ಯಗಳು.

ಆದರೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 1,500 ಎಂದರೆ ದಿನಕ್ಕೆ 50 ರೂಪಾಯಿ. ಅದರಲ್ಲಿಯೇ ಎರಡು ಹೊತ್ತಿನ ಊಟ, ಅದರಲ್ಲಿಯೇ ತಲೆಯ ಮೇಲೊಂದು ಸೂರು. ಇದನ್ನು ಮೊದಲು ಗೊತ್ತುಮಾಡಿದಾಗಲೇ ಬಿಗಿಯಾಗಿದ್ದ ಮೊತ್ತವು ಬೆಲೆಗಳು ಏರಿದಂತೆ ಇನ್ನಷ್ಟು ಕುಗ್ಗುವುದು ಸಹಜ. ಎರಡನೆಯದಾಗಿ, ಹಣವು ವಿದ್ಯಾರ್ಥಿಯನ್ನು ತಲಪಬೇಕಾದರೆ ಜಾತಿಯ ಪ್ರಮಾಣಪತ್ರ, ಆದಾಯದ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಖಾತೆ, ಅಂಕಪಟ್ಟಿ ಇವೆಲ್ಲವೂ ಒಂದಕ್ಕೊಂದು ಹೊಂದಬೇಕು. ಒಂದರಲ್ಲಿ ‘ಬಸವರಾಜ’ ಎಂದೂ ಇನ್ನೊಂದರಲ್ಲಿ ‘ಬಸವರಾಜಪ್ಪ’ ಎಂದೂ ಇದ್ದರೆ ಆಯಿತು, ಹುಡುಗನು ತಾಲ್ಲೂಕು ಕಚೇರಿಗೆ ಅಲೆಯಬೇಕು. ಹೆಸರಿನ ಕೊನೆಯ ‘ಅಪ್ಪ’ ಎಂಬುದು ಗೌರವಾರ್ಥದ ಪ್ರತ್ಯಯವೆಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಗಣಕಯಂತ್ರಕ್ಕೆ ಆ ವ್ಯಾಕರಣ ತಿಳಿಯದು. ಮೂರನೆಯದಾಗಿ, ಆದಾಯದ ಪ್ರಮಾಣಪತ್ರಕ್ಕೆ ಐದು ವರ್ಷಗಳ ಆಯುಷ್ಯ. ಆ ಐದು ವರ್ಷಗಳಲ್ಲಿ ಮಳೆ ಎರಡು ಸಲ ಕೈಕೊಡಬಹುದು, ದುಡಿಯುವ ತಂದೆ ಹಾಸಿಗೆ ಹಿಡಿಯಬಹುದು. ಹೊಸ ಪತ್ರ ಮಾಡಿಸುವ ತನಕ ಕಾಗದದ ಮೇಲಿನ ಮನೆಯೇ ಒಂದು, ನಿಜವಾದ ಮನೆಯೇ ಒಂದು. ಸರ್ಕಾರದ ನೆರವು ಲಕ್ಷಾಂತರ ಜನರಿಗೆ ಒಂದೇ ಅಳತೆಯಲ್ಲಿ ಹೋಗಬೇಕಾಗುತ್ತದೆ. ಒಬ್ಬೊಬ್ಬರ ಮನೆಯ ಒಲೆಯನ್ನು ನೋಡಿ ಅಳೆಯುವುದು ಅದಕ್ಕೆ ಶಕ್ಯವಿಲ್ಲ.

ಇನ್ನು ಸಾಲದ ಮಾತು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ನೀಡಿದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದೆ ಶಿಕ್ಷಣದ ಸಾಲ ದೊರೆಯುವ ಏರ್ಪಾಡಿದೆ. ಆದರೆ ಅದು ಶ್ರೇಯಾಂಕದ ಆಧಾರದ ಮೇಲೆ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಬಿ.ಎ. ಓದುವ ಕೂಲಿಯ ಮಗಳಿಗೆ ಅದರ ನೆರಳು ತಾಕುವುದು ಕಷ್ಟ. ಮೇಲಾಗಿ, ಖಾನಾವಳಿಯ ಎರಡು ತಿಂಗಳ ಬಾಕಿಗೆ ಯಾವ ಬ್ಯಾಂಕಿಗೆ ಅರ್ಜಿ ಹಾಕುವುದು?

ಆದುದರಿಂದ ಸರ್ಕಾರದ ನೆರವಿಗೂ ವಿದ್ಯಾರ್ಥಿಯ ನಿಜವಾದ ಅಗತ್ಯಕ್ಕೂ ನಡುವೆ ಒಂದು ಬಿರುಕು ಉಳಿಯುತ್ತದೆ. ಬಿರುಕು ದೊಡ್ಡದೇನಲ್ಲ, ಆದರೆ ಬಡವರ ಮಕ್ಕಳು ಬೀಳುವುದು ಆ ಬಿರುಕಿನಲ್ಲಿಯೇ. ಅದನ್ನು ತುಂಬಬಲ್ಲವರು ಯಾರೆಂದರೆ, ವಿದ್ಯಾರ್ಥಿಯನ್ನು ಹೆಸರು ಹಿಡಿದು ಬಲ್ಲವರು. ಅವನ ಊರು, ಮನೆ, ಹೊಲಗಳನ್ನು ಕಂಡವರು. ಅಂದರೆ ನಾವೇ: ಅವನಿಗೆ ಕಲಿಸಿದ ಶಾಲೆ, ಅವನಿಗೆ ಉಣಬಡಿಸಿದ ಮಠ, ಅವನಿಗಿಂತ ಮುಂಚೆ ಅದೇ ಪಂಕ್ತಿಯಲ್ಲಿ ಉಂಡುಹೋದ ಹಳೆಯ ವಿದ್ಯಾರ್ಥಿಗಳು.

ಇದು ಹೊಸ ವಿಚಾರವೇನೂ ಅಲ್ಲ. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಮುಂದಾಗಿ, ಲಿಂಗಾಯತ ವಿದ್ಯಾರ್ಥಿಗಳ ಓದಿಗೆ ನೆರವಾಗಲೆಂದು ನಿಧಿಯೊಂದನ್ನು ಕಟ್ಟಿದರು. ಆಗ ಧಾರವಾಡದಲ್ಲಿ ಕಾಲೇಜೇ ಇರಲಿಲ್ಲ. ಕರ್ನಾಟಕ ಕಾಲೇಜು ಬಂದುದು 1917ರಲ್ಲಿ. ಉಚ್ಚ ಶಿಕ್ಷಣ ಬೇಕೆಂದವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. ಹೊಲಮನೆಗಳಲ್ಲಿಯೇ ಬೆಳೆದ ಸಮಾಜದ ಮಕ್ಕಳನ್ನು ಅಷ್ಟು ದೂರ ಕಳುಹಿಸಿ ಓದಿಸಬೇಕೆಂಬ ದೃಷ್ಟಿ ಆ ಹಿರಿಯರಿಗಿದ್ದಿತು. 1906ರಲ್ಲಿ ಕಾಲವಶರಾದ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅವರ ತ್ಯಾಗದ ಫಲವನ್ನು ಉಂಡವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ದಾನಿಗಳ ಸಾಲಿನಲ್ಲಿ ಇರಬಹುದು.

ಆ ಹಿರಿಯರ ಕಾಲಕ್ಕೂ ನಮ್ಮ ಕಾಲಕ್ಕೂ ಒಂದು ವ್ಯತ್ಯಾಸವಿದೆಯೆಂಬುದನ್ನೂ ವಿನಯದಿಂದ ಹೇಳುತ್ತೇನೆ. ವಿದ್ಯೆಯಲ್ಲಿ ಹಿಂದುಳಿದ ಒಂದು ಸಮಾಜವು ತನ್ನವರನ್ನು ಮೇಲೆತ್ತಲು ಮಾಡಿದ ಪ್ರಯತ್ನ ಅದು. ಅಂದಿಗೆ ಅದು ಯುಕ್ತವಾಗಿದ್ದಿತು. ಇಂದು ನಮ್ಮ ಪ್ರಸಾದ ನಿಲಯದ ಪಂಕ್ತಿಯಲ್ಲಿ ಎಲ್ಲ ಜಾತಿಗಳ ಮಕ್ಕಳೂ ಕುಳಿತು ಉಣ್ಣುತ್ತಾರೆ. ಅಲ್ಲಿ ಇಲ್ಲದ ಭೇದವನ್ನು ಮುಂದಿನ ಓದಿನ ನೆರವಿನಲ್ಲಿ ತರುವುದು ಬಸವಣ್ಣನವರ ಹೆಸರು ಹೇಳುವ ನಮಗೆ ಶೋಭಿಸದು. ಹಸಿವಿಗೆ ಕುಲವಿಲ್ಲವೆಂಬುದನ್ನು ಒಪ್ಪಿದ ಮೇಲೆ ಶುಲ್ಕದ ರಸೀತಿಗೂ ಕುಲವಿಲ್ಲ.

ಕೆಲವರು ಆಕ್ಷೇಪಿಸಬಹುದು: ಅಂಕಗಳನ್ನು ಕಡೆಗಣಿಸಿದರೆ ಪ್ರತಿಭೆಗೆ ಪ್ರೋತ್ಸಾಹವೆಲ್ಲಿ? ಪ್ರತಿಭೆಯನ್ನು ಗೌರವಿಸಬಾರದೆಂದು ನಾನು ಹೇಳುವುದಿಲ್ಲ. ಗೌರವ ಬೇರೆ, ನೆರವು ಬೇರೆ ಎಂದಷ್ಟೇ ನನ್ನ ಬಿನ್ನಹ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಭೆಯನ್ನು ಯಾರೂ ಸಂಶಯಿಸಲಾರರು. ಆದರೆ ಬೆಂಗಳೂರಿನಲ್ಲಿ ಓದುವಾಗ ಅವರು ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ನೀಗಿಸಿಕೊಳ್ಳಬೇಕಾಯಿತು. 1881ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ನೆರವು ದೊರೆತುದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ಅವರಿಗೆ ಆಗ ಪದಕವನ್ನಷ್ಟೇ ಕೊಟ್ಟು ಕಳುಹಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಬೇಕು. ಪ್ರತಿಭೆಯಿದ್ದ ಮಾತ್ರಕ್ಕೆ ಪ್ರಯಾಣದ ವೆಚ್ಚ ತೀರುವುದಿಲ್ಲ. ಇನ್ನೊಂದು ಮಾತು: ಮನೆಯಲ್ಲಿ ದೀಪ, ಪುಸ್ತಕ, ಮನೆಪಾಠಗಳೆಲ್ಲ ಇದ್ದು ನೂರಕ್ಕೆ 92 ಪಡೆದವನ ಶ್ರಮಕ್ಕಿಂತ, ಬೆಳಗ್ಗೆ ಎಮ್ಮೆ ಮೇಯಿಸಿ, ಸಂಜೆ ಕಳೆ ತೆಗೆದು 64 ಪಡೆದವಳ ಶ್ರಮ ಕಡಮೆಯೆಂದು ಯಾವ ತಕ್ಕಡಿ ಹೇಳೀತು?

ಮತ್ತೆ ಕೆಲವರು, ಬಿಟ್ಟಿಯಾಗಿ ಕೊಟ್ಟರೆ ಮಕ್ಕಳು ಸೋಮಾರಿಗಳಾಗುವರೆಂದೂ, ಬಡವರಲ್ಲದವರೂ ಬಡವರೆಂದು ಹೇಳಿಕೊಂಡು ಬರುವರೆಂದೂ ಅನ್ನುವರು. ಇದಕ್ಕೆ ಉತ್ತರವನ್ನು ನಮ್ಮ ಶರಣರ ಮನೆಯಲ್ಲಿಯೇ ಹುಡುಕಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗವು ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಕಥೆಯನ್ನು ನಾವು ಪಡೆಯುವವರಿಗೆ ಮಾತ್ರ ಪಾಠವೆಂಬಂತೆ ಹೇಳುತ್ತ ಬಂದಿದ್ದೇವೆ. ಕೊಡುವವರಿಗೂ ಅದರಲ್ಲಿ ಪಾಠವಿದೆ. ಲಕ್ಕಮ್ಮನವರಿಗೆ ಆ ಮನೆಯ ದಿನದ ಅಗತ್ಯ ಇಷ್ಟೆಂದು ಖಚಿತವಾಗಿ ತಿಳಿದಿದ್ದಿತು. ಅಳತೆಗೆ ಮೀರಿದುದು ತಪ್ಪಾದರೆ, ಅಳತೆಗೆ ಕಡಮೆಯಾದುದೂ ತಪ್ಪೇ. 8,000 ಬೇಕಾದವನಿಗೆ 500 ಕೊಟ್ಟು ತೃಪ್ತನಾದ ನಾನು ಮಾಡಿದುದು ಈ ಎರಡನೆಯ ತಪ್ಪು. ಸುಳ್ಳು ಹೇಳಿ ಬರುವವರನ್ನು ತಡೆಯುವ ಉಪಾಯವೂ ಅಳತೆಯೇ: ಮನೆಗೆ ಹೋಗಿ ನೋಡಿ, ಖರ್ಚನ್ನು ಬರೆದು, ಬಂದ ನೆರವನ್ನು ಕಳೆದು, ಉಳಿದುದನ್ನು ಮಾತ್ರ ಕೊಡುವುದು.

ಇಷ್ಟನ್ನು ಹೇಳಿದ ಮೇಲೆ ಆಗಬೇಕಾದುದೇನೆಂಬುದನ್ನೂ ಸೂಚಿಸುವುದು ನನ್ನ ಕರ್ತವ್ಯ. ಮೊದಲನೆಯದಾಗಿ, ನಮ್ಮ ಶಾಲೆಯಿಂದ ಹೊರಟು ಪದವಿ ಹಾಗೂ ಸ್ನಾತಕೋತ್ತರ ತರಗತಿಗಳಿಗೆ ಸೇರುವ ಬಡ ವಿದ್ಯಾರ್ಥಿಗಳಿಗಾಗಿ ಪೂಜ್ಯ ಶ್ರೀಗಳವರ ಆಶೀರ್ವಾದದಿಂದ ಒಂದು ಪ್ರತ್ಯೇಕ ನಿಧಿ ಏರ್ಪಡಲಿ. ಅದಕ್ಕೆ ಯಾರ ಹೆಸರೂ ಬೇಡ. ‘ಪ್ರಸಾದ ನಿಧಿ’ ಎಂದಷ್ಟೇ ಇರಲಿ. ಎರಡನೆಯದಾಗಿ, ನೆರವಿನ ಮೊತ್ತವು ಮೊದಲೇ ಗೊತ್ತುಮಾಡಿದ ಒಂದೇ ಸಂಖ್ಯೆಯಾಗದೆ ಒಬ್ಬೊಬ್ಬರ ಅಗತ್ಯಕ್ಕೆ ತಕ್ಕಂತಿರಲಿ. ಹತ್ತು ಜನರಿಗೆ ಸಾವಿರದಂತೆ ಹಂಚಿ ಹತ್ತು ಭಾವಚಿತ್ರಗಳನ್ನು ತೆಗೆಸಿಕೊಳ್ಳುವುದಕ್ಕಿಂತ, ಇಬ್ಬರ ಕೊರತೆಯನ್ನು ಪೂರ್ತಿಯಾಗಿ ತುಂಬಿ ಅವರನ್ನು ದಡ ಮುಟ್ಟಿಸುವುದು ಮೇಲು. ಮೂರನೆಯದಾಗಿ, ನೆರವು ಹೊತ್ತಿಗೆ ಸರಿಯಾಗಿ ತಲಪಲಿ. ಸರ್ಕಾರದ ಹಣ ಬರುವ ತನಕ ನಿಧಿಯಿಂದ ಕೊಟ್ಟು, ಆ ಹಣ ಬಂದಾಗ ವಿದ್ಯಾರ್ಥಿಯು ತುಂಬಿಕೊಡುವಂತೆ ಮಾಡಿದರೆ, ಅದೇ ಹಣವು ವರ್ಷದಲ್ಲಿ ಇಬ್ಬರನ್ನು ಉಳಿಸೀತು. ನಾಲ್ಕನೆಯದಾಗಿ, ಅರ್ಜಿ ತುಂಬುವ ಕಾಲದಲ್ಲಿ ನಾವು ಉಪಾಧ್ಯಾಯರು ಒಂದು ವಾರ ಶಾಲೆಯಲ್ಲಿ ಕುಳಿತು, ಹಳೆಯ ವಿದ್ಯಾರ್ಥಿಗಳ ಹೆಸರು, ಪ್ರಮಾಣಪತ್ರ, ಖಾತೆಗಳನ್ನು ಸರಿಪಡಿಸಿಕೊಡೋಣ. ಇದಕ್ಕೆ ಒಂದು ಪೈಸೆಯೂ ಬೇಡ. ಐದನೆಯದಾಗಿ, ಪಡೆದವರ ಹೆಸರನ್ನು ವೇದಿಕೆಯ ಮೇಲೆ ಕೂಗುವುದು ಬೇಡ, ಈ ಸಂಚಿಕೆಯಲ್ಲಿ ಅಚ್ಚು ಹಾಕುವುದೂ ಬೇಡ. ಲೆಕ್ಕಪತ್ರವನ್ನು ಮಾತ್ರ ಎಲ್ಲರೂ ನೋಡುವಂತೆ ಪ್ರತಿವರ್ಷ ಪ್ರಕಟಿಸೋಣ.

ಪಡೆದವರು ಮರಳಿ ಕೊಡಬೇಕೆ? ಬಡ್ಡಿಯೂ ಬೇಡ, ಮುಚ್ಚಳಿಕೆಯ ಪತ್ರವೂ ಬೇಡ. ದುಡಿಯತೊಡಗಿದ ಮೇಲೆ ತನ್ನಂಥ ಇನ್ನೊಬ್ಬನಿಗೆ ಕೊಡಲಿ. ಕೊಡದಿದ್ದವನನ್ನು ನಾವು ಕೇಳುವುದೂ ಬೇಡ. ಪ್ರಸಾದ ಉಂಡವನ ಮನೆಗೆ ಹೋಗಿ ಯಾವ ಮಠವೂ ಅಕ್ಕಿಯ ಬೆಲೆ ವಸೂಲು ಮಾಡಿದುದಿಲ್ಲ. ಆದರೂ ದಾಸೋಹದ ಒಲೆಯಲ್ಲಿ ಕಿಚ್ಚು ಆರಿದುದಿಲ್ಲ.

ದತ್ತಿಗಳನ್ನಿಟ್ಟ ಮಹನೀಯರಲ್ಲಿ ನನ್ನದೊಂದು ವಿಶೇಷ ಪ್ರಾರ್ಥನೆ. ಪದಕಗಳನ್ನು ನಿಲ್ಲಿಸಿರೆಂದು ನಾನು ಕೇಳಲಾರೆ. ಆದರೆ ನಿಮ್ಮ ತಂದೆತಾಯಿಗಳ ಹೆಸರಿನಲ್ಲಿ ವರ್ಷಕ್ಕೊಂದು ಪದಕ ಕೊಡುವಾಗ, ಅದನ್ನು ಪಡೆದ ಮಗುವು ಮುಂದೆ ಏನನ್ನು ಉಂಡು, ಎಲ್ಲಿ ಮಲಗಿ ಓದುವುದೆಂಬುದನ್ನೂ ಒಮ್ಮೆ ವಿಚಾರಿಸಿರಿ. ಹಳೆಯ ವಿದ್ಯಾರ್ಥಿಗಳಾದ ಬಂಧುಗಳು, ತಾವು ಈ ಪಂಕ್ತಿಯಲ್ಲಿ ಉಂಡ ಒಂದು ವರ್ಷದ ಊಟವನ್ನು ಇಂದಿನ ಬೆಲೆಯಲ್ಲಿ ಎಣಿಸಿ, ಅಷ್ಟನ್ನಾದರೂ ಈ ನಿಧಿಗೆ ಸಲ್ಲಿಸಲಿ. ನಾನು ಸಿರಿವಂತನಲ್ಲ, ಆದರೂ ನಿಧಿಯು ಆರಂಭವಾದ ದಿನ ನನ್ನ ಒಂದು ತಿಂಗಳ ವೇತನವನ್ನು ಅದಕ್ಕೆ ಒಪ್ಪಿಸುವೆನೆಂದು ಇಲ್ಲಿ ಬರೆದು ಕೊಡುತ್ತೇನೆ. ಅದು ದಾನವಲ್ಲ, 2015ರ ದೀಪಾವಳಿಯಿಂದ ನನ್ನ ತಲೆಯ ಮೇಲಿರುವ ಬಾಕಿ.

ಮಾರುಕಟ್ಟೆಯಲ್ಲಿ ಕಂಡ ಆ ಹುಡುಗನ ತಂಗಿಯು ಅಣ್ಣನ ದುಡಿಮೆಯಿಂದ ಬಿ.ಎ. ಮುಗಿಸಿದಳು. ಈಗ ಬಿ.ಎಡ್. ಓದುತ್ತಿದ್ದಾಳೆಂದು ಕೇಳಿದ್ದೇನೆ. ಈ ಸಲ ನಾನು ಅವಳಿಗೆ ಉಪದೇಶ ಮಾಡಲು ಹೋಗುವುದಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಕೇಳಿ ಬರುತ್ತೇನೆ.